ಕಂಬದ ಕೊಟ್ಟಿಗೆ: ಕೊಕ್ಕರ್ಣೆ ಸೀಮೆಯಲ್ಲಿ ದೊಡ್ಡ ವಾಹನಕ್ಕೊಂದು ಮಾಡು

ನೆಲದಲ್ಲಿ ಹೂತ ಅಥವಾ ಕಲ್ಲಿನ ಪಾದದ ಮೇಲೆ ನಿಲ್ಲಿಸಿದ ಕಂಬಗಳೇ ಮಾಡಿನ ಭಾರವನ್ನೆಲ್ಲ ಹೊರುವ ಕಟ್ಟಡ ಕಂಬದ ಕೊಟ್ಟಿಗೆ. ಗೋಡೆ ಇರುವುದೇ ಇಲ್ಲ. ಇದ್ದರೂ ಮರೆಗಷ್ಟೆ, ಭಾರಕ್ಕಲ್ಲ. ಉದ್ದಕ್ಕೂ ಅಡಿಪಾಯ ತೋಡುವ ಖರ್ಚಿಲ್ಲ, ಕಲ್ಲು ಕಟ್ಟುವ ಕೂಲಿಯಿಲ್ಲ, ಬೇಡವೆನಿಸಿದಾಗ ಬಿಚ್ಚಬಹುದು. ಉಡುಪಿ ಜಿಲ್ಲೆಯ ಬ್ರಹ್ಮಾವರ, ಕುಂದಾಪುರ, ಬೈಂದೂರು ತಾಲೂಕುಗಳಲ್ಲಿ ದನದ ಹಟ್ಟಿ, ಸೌದೆಯ ಕೊಟ್ಟಿಗೆ, ಗೊಬ್ಬರದ ಗುಂಡಿಯ ಮಾಡು, ಕಡಲ ದಂಡೆಯ ದೋಣಿ ಚಪ್ಪರ, ದೇವಸ್ಥಾನದ ತೇರಿನ ಕೊಟ್ಟಿಗೆ, ಈಗಿನ ಕಾರು ಶೆಡ್ಡು ಇವೆಲ್ಲ ಈ ಒಂದೇ ಜಾತಿಗೆ ಸೇರಿದವು. ಮಲಗುವ ಜಾಗ, ಅಡುಗೆಯ ಕಟ್ಟೆ, ಶೌಚದ ವ್ಯವಸ್ಥೆ ಎಲ್ಲವನ್ನೂ ಒಳಗಿಟ್ಟುಕೊಂಡು ಊರೂರು ತಿರುಗುವ ಕ್ಯಾರವಾನ್ ಈ ಸಾಲಿಗೆ ಸೇರಲಿರುವ ಹೊಸ ಅತಿಥಿ.

ಕೊಕ್ಕರ್ಣೆ ಬ್ರಹ್ಮಾವರ ತಾಲೂಕಿನಲ್ಲಿ, ಸೀತಾ ನದಿಯ ಬದಿಯಲ್ಲಿರುವ ಪೇಟೆ. ಪಡುವಣಕ್ಕೆ ಬಾರ್ಕೂರು, ಮೂಡಣಕ್ಕೆ ಹೆಬ್ರಿ, ಅದರಾಚೆ ಆಗುಂಬೆಯ ಘಟ್ಟ, ಪಕ್ಕದಲ್ಲೇ ಮಂದಾರ್ತಿ. ಇಲ್ಲಿನ ಅಂಗಳಗಳಲ್ಲಿ ಕ್ಯಾರವಾನ್ ಇನ್ನೂ ಅಪರೂಪ. ಟೆಂಪೋ ಟ್ರಾವೆಲರ್, ಶಾಲೆಯ ವ್ಯಾನು, ಶಾಮಿಯಾನದ ಲಾರಿ, ಆಟದ ಮೇಳದ ವಾಹನ ಇವು ಸಾಮಾನ್ಯ. ನೆರಳಿನ ಲೆಕ್ಕ ಎಲ್ಲಕ್ಕೂ ಒಂದೇ. ಕಾರಿಗಿಂತ ಎತ್ತರದ, ವರ್ಷದ ನಾಲ್ಕೈದು ತಿಂಗಳು ಒಂದೇ ಕಡೆ ನಿಲ್ಲುವ ಗಾಡಿಯನ್ನು ಇಲ್ಲಿನ ಮಳೆಯಿಂದ ಕಾಯುವುದು ಹೇಗೆ ಎಂಬುದೇ ಪ್ರಶ್ನೆ.

ಮಳೆ ಮತ್ತು ನೆಲ

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಘಟ್ಟದತ್ತ ಹೋದಷ್ಟೂ ಮಳೆ ಹೆಚ್ಚು. ಆಗುಂಬೆಯಲ್ಲಿ 7,000 ಮಿಲಿಮೀಟರ್ ದಾಟುತ್ತದೆ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲದ ಒಂದು ಮಾಡನ್ನು ಲೆಕ್ಕಕ್ಕೆ ಹಿಡಿಯೋಣ. ಒಂದು ದಿನ 100 ಮಿಲಿಮೀಟರ್ ಮಳೆ ಬಂದರೆ ಅದರ ಮೇಲೆ 5,000 ಲೀಟರ್ ನೀರು ಬಿತ್ತು. ಆಸಾಡಿಯಲ್ಲಿ ಅಂಥ ದಿನಗಳು ಇಲ್ಲಿಯವರಿಗೆ ಸುದ್ದಿಯೇ ಅಲ್ಲ. ಇಡೀ ಮಳೆಗಾಲಕ್ಕೆ ಲೆಕ್ಕ ಹಾಕಿದರೆ ಎರಡು ಲಕ್ಷ ಲೀಟರಿನ ಆಸುಪಾಸು. ಈ ನೀರನ್ನು ಸೂರಿನ ಅಂಚಿನಿಂದ ಎಲ್ಲಿಗೆ ಕಳಿಸುತ್ತೇವೆ ಎಂಬುದನ್ನು ಮೊದಲೇ ಯೋಚಿಸದಿದ್ದರೆ ಅದು ನೇರವಾಗಿ ಕಂಬದ ಬುಡಕ್ಕೇ ಬರುತ್ತದೆ.

ನೆಲ ಮುರಕಲ್ಲಿನದು. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಮೈಸೂರು, ಮಲಬಾರುಗಳ ದಾರಿ ಹಿಡಿದು, ಮರುವರ್ಷ ಕನ್ನಡ ಕರಾವಳಿಯಲ್ಲೂ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಅವನು ಅದನ್ನು ಗುರುತಿಸಿದ್ದು ಮಲಬಾರಿನ ಅಂಗಾಡಿಪುರದಲ್ಲಿ. ಪುಸ್ತಕ ಅಚ್ಚಾದದ್ದು 1807ರಲ್ಲಿ. ನೆಲದಡಿಯಲ್ಲಿ ಇರುವಾಗ ಕೊಡಲಿಗೆ ಬಾಗುವಷ್ಟು ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ ಎಂಬ ಅದರ ಗುಣವನ್ನು ಅವನು ಗಮನಿಸಿದ್ದ. ಕಂಬ ಹೂಳುವವನಿಗೆ ಮುಖ್ಯವಾದ ಸಂಗತಿ ಇನ್ನೊಂದು. ಮೇಲಿನ ಗಟ್ಟಿ ಮುರಕಲ್ಲಿನ ಹಾಸಿನ ಕೆಳಗೆ ಅನೇಕ ಕಡೆ ಶೇಡಿಮಣ್ಣು ಇರುತ್ತದೆ. ಬಿಳಿ, ತಿಳಿಗುಲಾಬಿ, ಹಳದಿ ಬಣ್ಣದ ಈ ನಯವಾದ ಮಣ್ಣು ಬೇಸಿಗೆಯಲ್ಲಿ ಹಾರೆಗೂ ಜಗ್ಗದು. ನೀರು ಕುಡಿದರೆ ಸಾಬೂನಿನಂತೆ ಜಾರುತ್ತದೆ. ಹೊಂಡ ಆಳವಾದಷ್ಟೂ ಕಂಬ ಭದ್ರ ಎಂಬ ನಂಬಿಕೆ ಇಲ್ಲಿ ಪೂರ್ತಿ ನಿಜವಲ್ಲ. ಮುರಕಲ್ಲಿನ ಹಾಸು ತೆಳುವಾಗಿರುವಲ್ಲಿ ಅದನ್ನು ತೂತು ಮಾಡಿ ಶೇಡಿಗೆ ಇಳಿದ ಕಂಬ ಒಂದೆರಡು ಮಳೆಗಾಲಕ್ಕೆ ವಾಲುತ್ತದೆ. ಅಂಥ ಕಡೆ ಹೊಂಡವನ್ನು ಆಳ ಮಾಡುವುದಕ್ಕಿಂತ ಅಗಲ ಮಾಡುವುದು ಮೇಲು. ಹೊಳೆಯ ಬದಿಯ ಗದ್ದೆಬಯಲಿನ ಮಣ್ಣು ಬೇರೆಯೇ. ಅಲ್ಲಿ ಮಳೆಗಾಲದಲ್ಲಿ ಹೊಂಡ ತೋಡಿದರೆ ಎರಡಡಿಗೇ ನೀರು ಒಸರುತ್ತದೆ.

ಹಳೆಯ ಕಂಬ, ಹಳೆಯ ಮಾಡು

ಸೀಮೆಂಟು ಬರುವ ಮುಂಚೆ ಕಂಬಕ್ಕೆ ಮರ ಆರಿಸುವುದೇ ಒಂದು ವಿದ್ಯೆಯಾಗಿತ್ತು. ಮನೆಯ ಚಾವಡಿಗೆ ಹಲಸು, ಹೆಬ್ಬಲಸು, ಬೋಗಿ. ಹಟ್ಟಿಗೆ ಮತ್ತಿ, ಕಾಸರಕ, ಬಲಿತ ಬೈನೆ. ಒಂದು ಮಳೆಗಾಲದ ಚಪ್ಪರಕ್ಕೆ ಅಡಿಕೆ ಮರ ಅಥವಾ ಗಾಳಿಮರ. ಕಾಸರಕದ ಕಹಿಯನ್ನು ಗೆದ್ದಲು ಮುಟ್ಟುವುದಿಲ್ಲ ಎಂದು ಹಳ್ಳಿಯವರು ಹೇಳುತ್ತಾರೆ. ಬುಡಕ್ಕೆ ಅದನ್ನೇ ಹಾಕಿ ಮೇಲೆ ಬೇರೆ ಮರ ಬೆಸೆಯುವುದೂ ಇತ್ತು. ಅಡಿಕೆ ಮರ ನೆಟ್ಟಗಿದ್ದು ಅಗ್ಗಕ್ಕೆ ಸಿಕ್ಕಿದರೂ ಅದರ ತಿರುಳು ಮೆದು. ನೆಲಕ್ಕೆ ಹೂತರೆ ಎರಡನೇ ಮಳೆಗೆ ಒರಲೆ ಹಿಡಿದು ಬುಡ ಟೊಳ್ಳಾಗುತ್ತದೆ. ಆದರೆ ಅದನ್ನೇ ಸೀಳಿ ಮಾಡಿದ ದಬ್ಬೆ ಮಾಡಿನ ಮೇಲೆ, ಒಣಗಿದ ಜಾಗದಲ್ಲಿ, ಹೊಗೆ ತಾಗುತ್ತಿದ್ದರೆ ಹತ್ತಾರು ವರ್ಷ ಬಾಳುತ್ತದೆ. ಮರ ಕೆಡುವುದು ಸದಾ ಒದ್ದೆಯಲ್ಲಿದ್ದಾಗಲ್ಲ, ಸದಾ ಒಣಗಿದ್ದಾಗಲೂ ಅಲ್ಲ. ಒದ್ದೆಯೂ ಒಣಕಲೂ ಗಾಳಿಯೂ ಒಟ್ಟಿಗೆ ಸಿಗುವ ಜಾಗದಲ್ಲಿ, ಅಂದರೆ ನೆಲದ ಮಟ್ಟದಿಂದ ಒಂದು ಗೇಣು ಮೇಲೆ ಕೆಳಗೆ. ಹಳಬರು ಕಂಬದ ಬುಡವನ್ನು ಬೆಂಕಿಯಲ್ಲಿ ಸುಟ್ಟು ಕರಿ ಮಾಡಿ, ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ ಬಳಿದು ಹೂಳುತ್ತಿದ್ದದ್ದು ಈ ಒಂದು ಗೇಣಿಗಾಗಿಯೇ. ಗೇರುಬೀಜದ ಕಾರ್ಖಾನೆಗಳು ಹೆಚ್ಚಿರುವ ಈ ಭಾಗದಲ್ಲಿ ಆ ಎಣ್ಣೆಗೆ ಬರವಿಲ್ಲ, ದೋಣಿಯ ಹಲಗೆಗೂ ಅದೇ ಮದ್ದು. ಕೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಆದ್ದರಿಂದ ಬಳಿಯುವವರು ಕೋಲಿಗೆ ಬಟ್ಟೆ ಸುತ್ತಿಕೊಳ್ಳುತ್ತಾರೆ.

ಇನ್ನೊಂದು ಪರಿಹಾರ ಮರವನ್ನು ನೆಲಕ್ಕೆ ಮುಟ್ಟಿಸದೇ ಇರುವುದು. ಶಿಲೆಕಲ್ಲಿನ ಪಾದ ಹೂತು ಅದರ ತಲೆಯ ಮೇಲೆ ಮರದ ಕಂಬ ನಿಲ್ಲಿಸುವ ಪದ್ಧತಿ ದೊಡ್ಡ ಮನೆಗಳ ಜಗಲಿಗಳಲ್ಲಿ ಈಗಲೂ ಕಾಣುತ್ತದೆ. ಇಲ್ಲೊಂದು ವ್ಯತ್ಯಾಸವಿದೆ: ಹೂತ ಕಂಬ ತನ್ನಷ್ಟಕ್ಕೇ ನೆಟ್ಟಗೆ ನಿಲ್ಲುತ್ತದೆ, ಪಾದದ ಮೇಲಿಟ್ಟ ಕಂಬ ಮೇಲಿನ ಅಡ್ಡ ತೊಲೆಗಳ ಬಿಗಿತದಿಂದ ಮಾತ್ರ. ಮೊದಲನೆಯದಕ್ಕೆ ಒರಲೆಯ ಭಯ, ಎರಡನೆಯದಕ್ಕೆ ಗಾಳಿಯ ಭಯ.

ಮಾಡಿಗೆ ಹೊದಿಕೆ ಮೊದಲು ಹುಲ್ಲು, ಅಡಿಕೆ ಸೋಗೆ, ಹೆಣೆದ ತೆಂಗಿನ ಮಡಲು. ಮಡಲಿನ ಮಾಡನ್ನು ವರ್ಷ ವರ್ಷ ಮೇ ತಿಂಗಳಲ್ಲಿ ಹೊಸದಾಗಿ ಹೊದಿಸಬೇಕು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಕೆಲಸ ನಿಧಾನಕ್ಕೆ ಕಡಿಮೆಯಾಯಿತು. ಮಲ್ಪೆಯಲ್ಲಿ ಮಿಶನ್ನೇ ಇನ್ನೊಂದು ಕಾರ್ಖಾನೆ ನಡೆಸಿತು. ಮುಂದೆ ಕುಂದಾಪುರದ ಹೊಳೆಬದಿಗಳಲ್ಲಿ ಖಾಸಗಿ ಕಾರ್ಖಾನೆಗಳೂ ಎದ್ದವು. ಹಂಚು ಬಂದದ್ದರಿಂದ ಪಕ್ಕಾಸು, ರೀಪುಗಳ ಅಳತೆ ನಿಗದಿಯಾಯಿತು. ಒಂದು ಹಂಚಿನ ತೂಕ ಸುಮಾರು ಎರಡೂವರೆ ಕಿಲೋ. ಚದರ ಮೀಟರಿಗೆ ಹದಿನೈದರಷ್ಟು ಹಂಚು, ಎಂದರೆ 40 ಕಿಲೋ ಹತ್ತಿರ. ಈ ಭಾರ ಹೊರಲು ದಪ್ಪ ಕಂಬ ಬೇಕಾಯಿತು ಎಂದು ಗೊಣಗಿದವರಿದ್ದಾರೆ. ಅದೇ ಭಾರ ಮಾಡನ್ನು ಗಾಳಿಗೆ ಹಾರದಂತೆ ಹಿಡಿದಿಟ್ಟಿತ್ತು ಎಂಬುದು ಶೀಟು ಬಂದ ಮೇಲೆ ಗೊತ್ತಾಯಿತು.

ಹಳೆಯ ಮಾಡುಗಳ ಸೂರಿನ ಅಂಚು ಬಹಳ ತಗ್ಗು. ಕೊಕ್ಕರ್ಣೆಯ ಬಳಿಯ ಸೂರಾಲಿನಲ್ಲಿ ತೊಳಹ ಅರಸರ ಮಣ್ಣಿನ ಅರಮನೆ ಇಷ್ಟು ಮಳೆಯ ನಡುವೆ ನಿಂತಿರುವುದು ಗೋಡೆಯ ಗಟ್ಟಿತನದಿಂದ ಮಾತ್ರವಲ್ಲ, ಆ ಗೋಡೆಗೆ ನೀರು ತಾಗದಂತೆ ಚಾಚಿಕೊಂಡ ಮಾಡಿನಿಂದ. ಬಾರ್ಕೂರಿನ ಹಳೆಯ ಗುಡಿಗಳಲ್ಲಿ ಕಲ್ಲಿನ ಚಪ್ಪಡಿಗಳನ್ನೇ ಮರದ ಮಾಡಿನ ಹಾಗೆ ಇಳಿಜಾರಾಗಿ ಹೊದಿಸಿದ್ದಾರೆ. ರಾಜ ಇರಲಿ, ದೇವರಿರಲಿ, ದನವಿರಲಿ, ಒಳಗೆ ಹೋಗುವವರು ತಲೆ ಬಗ್ಗಿಸಬೇಕು ಎಂಬುದು ಇಲ್ಲಿನ ವಾಸ್ತುವಿನ ಮೊದಲ ನಿಯಮ. ಅದು ವಿನಯಕ್ಕಲ್ಲ, ಎರಚಲಿಗೆ. ಗಾಳಿಯೊಡನೆ ಮಳೆ 45 ಡಿಗ್ರಿ ಓರೆಯಾಗಿ ಬಂದರೆ, ಸೂರಿನ ಅಂಚು ಎಷ್ಟು ಎತ್ತರವಿದೆಯೋ ಅಷ್ಟೇ ದೂರ ನೀರು ಒಳಗೆ ಬರುತ್ತದೆ. ಆರಡಿ ಎತ್ತರದ ಅಂಚಿನಿಂದ ಆರಡಿ. ಹನ್ನೆರಡು ಅಡಿ ಎತ್ತರದ ಅಂಚಿನಿಂದ ಹನ್ನೆರಡಡಿ, ಅಂದರೆ ಒಂದು ಕ್ಯಾರವಾನಿನ ಅಗಲಕ್ಕಿಂತಲೂ ಹೆಚ್ಚು. ಎತ್ತರದ ವಾಹನ ಅಂಗಳಕ್ಕೆ ಬಂದದ್ದರಿಂದ ಕೆಟ್ಟ ಲೆಕ್ಕ ಇದೇ. ಕರಾವಳಿಯ ಕೊಟ್ಟಿಗೆಯ ಜಾಣತನವೆಲ್ಲ ತಗ್ಗಿನಲ್ಲಿತ್ತು, ವಾಹನ ಅದನ್ನು ಎತ್ತರಿಸಿತು.

ಎತ್ತರದ ವಾಹನಕ್ಕೆ ಹಳೆಯ ಮಾದರಿ

ಹಾಗೆಂದು ಎತ್ತರದ ವಾಹನ ಇಲ್ಲಿಗೆ ಹೊಸದಲ್ಲ. ಕೋಟೇಶ್ವರದ ಕೋಟಿಲಿಂಗೇಶ್ವರನ ಬ್ರಹ್ಮರಥ ವೃಶ್ಚಿಕ ಮಾಸದ ಹುಣ್ಣಿಮೆಯ ಕೊಡಿಹಬ್ಬದಲ್ಲಿ ಎಳೆಯಲ್ಪಡುತ್ತದೆ. ವರ್ಷದ ಉಳಿದ ದಿನಗಳಲ್ಲಿ ಅದರ ಮೇಲಿನ ಬಿದಿರು, ಬೆತ್ತ, ಪತಾಕೆಗಳ ಭಾಗವನ್ನು ಬಿಚ್ಚಿಟ್ಟು ಮರದ ಗಡ್ಡೆಯನ್ನು ಕೊಟ್ಟಿಗೆಯೊಳಗೆ ನಿಲ್ಲಿಸುತ್ತಾರೆ. ರಥ ಮಾಡುವ ಶಿಲ್ಪಿಗಳ ಕರ್ಮಶಾಲೆಯೂ ಕೋಟೇಶ್ವರದ್ದೇ. 2019ರಲ್ಲಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋದ ಹೊಸ ಬ್ರಹ್ಮರಥ ತಯಾರಾದದ್ದು ಇಲ್ಲಿ. ಕರಾವಳಿಯ ತೇರಿನ ಕೊಟ್ಟಿಗೆಗಳನ್ನು ಗಮನಿಸಿದರೆ ಎರಡು ಸಂಗತಿ ಕಾಣುತ್ತವೆ. ಒಂದು, ಅವು ಎತ್ತರ ಮತ್ತು ಇಕ್ಕಟ್ಟು. ತೇರಿನ ಸುತ್ತ ಒಬ್ಬ ಮನುಷ್ಯ ಓಡಾಡುವಷ್ಟು ಮಾತ್ರ ಜಾಗ. ಎರಡು, ಮಾಡನ್ನು ನಂಬಿಕೊಂಡು ಬದಿಯನ್ನು ಬಯಲು ಬಿಟ್ಟಿಲ್ಲ. ಹಿಂದೆ ಮಡಲಿನ ತಟ್ಟಿ, ಈಗ ತಗಡು, ಮೇಲಿನಿಂದ ಗಾಲಿಯ ಮಟ್ಟದವರೆಗೆ ಇಳಿದಿರುತ್ತದೆ. ಕೆಳಗೆ ಗಾಳಿಯಾಡಲು ಒಂದೆರಡಡಿ ತೆರವು. ಮುಂಬದಿ ಪೂರ್ತಿ ಬಿಚ್ಚುವಂಥದು. ಇಂದಿನ ಕ್ಯಾರವಾನಿಗೆ ಬೇಕಾದದ್ದು ಬಹುಮಟ್ಟಿಗೆ ಇದೇ ನಕ್ಷೆ. ಕಾರು ಶೆಡ್ಡನ್ನು ನಾಲ್ಕಡಿ ಎತ್ತರಿಸಿದರೆ ಅದು ಕ್ಯಾರವಾನ್ ಶೆಡ್ಡಾಗುವುದಿಲ್ಲ. ತೇರಿನ ಕೊಟ್ಟಿಗೆಯನ್ನು ಕುಗ್ಗಿಸಿದರೆ ಆಗುತ್ತದೆ.

ಕಡಲ ದಂಡೆಯ ದೋಣಿಯ ಮಾಡಿನದು ಇದಕ್ಕೆ ತದ್ವಿರುದ್ಧ ಪಾಠ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಆಗ ಕಡಲಿಗಿಳಿಯುವುದು ನಾಡದೋಣಿ. ಮಳೆಗಾಲ ಕಳೆದ ಮೇಲೆ ಮರವಂತೆ, ಗಂಗೊಳ್ಳಿ ಕಡೆಯ ಮರಳ ದಂಡೆಯಲ್ಲಿ ನಾಡದೋಣಿ ವಿಶ್ರಾಂತಿಗೆ ಬರುತ್ತದೆ. ಅದಕ್ಕೆ ಕಟ್ಟುವ ಮಡಲ ಚಪ್ಪರ ಮಳೆಗಲ್ಲ, ಬಿಸಿಲಿಗೆ. ಒಣಗಿ ಬಿರುಕು ಬಿಟ್ಟ ಹಲಗೆ ಮುಂದಿನ ಮಳೆಗಾಲದಲ್ಲಿ ನೀರು ಕುಡಿಯುತ್ತದೆ. ಕ್ಯಾರವಾನಿನ ಟಯರು, ಕಿಟಕಿಯ ರಬ್ಬರು, ಮೇಲ್ಛಾವಣಿಯ ಅಂಟು ಹಾಳಾಗುವುದೂ ಮಾರ್ಚ್, ಏಪ್ರಿಲ್ ಬಿಸಿಲಿಗೇ. ಮಳೆಗಾಲಕ್ಕೆ ಮಾತ್ರ ಸೂರು ಬೇಕೆಂದು ತಾರ್ಪಾಲು ಹೊದಿಸಿ ಸುಮ್ಮನಾಗುವವರು ಇದನ್ನು ಮರೆಯುತ್ತಾರೆ.

ತಿರುಗಾಟವನ್ನೇ ಬದುಕು ಮಾಡಿಕೊಂಡ ವಾಹನ ಈ ಊರಿಗೆ ಯಕ್ಷಗಾನದ್ದು. ಮಂದಾರ್ತಿ ದುರ್ಗಾಪರಮೇಶ್ವರಿ ದೇವಸ್ಥಾನದ ಐದು ಮೇಳಗಳು ಕಾರ್ತಿಕದಿಂದ ಬೇಸಿಗೆಯ ಕೊನೆಯವರೆಗೆ ರಾತ್ರಿಗೊಂದು ಊರಿನಲ್ಲಿ ಆಡುತ್ತವೆ. ವೇಷದ ಪೆಟ್ಟಿಗೆ, ರಂಗಸ್ಥಳದ ಸಾಮಗ್ರಿ, ಜನ ಎಲ್ಲ ಹೊತ್ತು ಓಡುವ ಗಾಡಿಗೆ ಮಳೆಗಾಲ ಬಂದಾಗ ಬಿಡುವು. ಕ್ಯಾರವಾನಿನ ದಿನಚರಿ ಇದಕ್ಕಿಂತ ಬೇರೆಯಲ್ಲ: ದೀಪಾವಳಿಯ ನಂತರ ಹೊರಡುವುದು, ಮೊದಲ ಮಳೆಗೆ ಮನೆ ಸೇರುವುದು.

ಅಮೆರಿಕದ ಪೋಲ್ ಬಾರ್ನ್, ದೆಹರಾದೂನಿನ ಮದ್ದು

ಕ್ಯಾರವಾನಿಗೆ ಕಂಬದ ಕೊಟ್ಟಿಗೆ ಕಟ್ಟುವ ರೂಢಿ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ 'ಪೋಲ್ ಬಾರ್ನ್' ಎನ್ನುತ್ತಾರೆ. 1930ರ ಸುಮಾರಿಗೆ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಹೊಲಮನೆಗಳ ನಿರ್ವಹಣೆ ನೋಡಿಕೊಳ್ಳುತ್ತಿದ್ದ ಹೊವಾರ್ಡ್ ಡೋನ್ ಮತ್ತು ಅವನ ಜತೆಗಾರ ಬರ್ನನ್ ಪರ್ಕಿನ್ಸ್ ಇದಕ್ಕೆ ಈಗಿನ ರೂಪ ಕೊಟ್ಟರೆಂದು ಹೇಳಲಾಗುತ್ತದೆ. ಟೆಲಿಫೋನ್ ಕಂಬಗಳಂಥ, ಮದ್ದು ಕುಡಿಸಿದ ಕಂಬಗಳನ್ನು ನೆಟ್ಟು ಮೇಲೆ ತಗಡು ಹೊದಿಸುವ ಈ ಕ್ರಮದಲ್ಲಿ ಅಡಿಪಾಯದ ಖರ್ಚು ಉಳಿಯಿತು. 1936ರ ಗ್ರಾಮೀಣ ವಿದ್ಯುದೀಕರಣದ ಕಾನೂನಿನಿಂದ ಹಳ್ಳಿ ಹಳ್ಳಿಗೆ ವಿದ್ಯುತ್ ಕಂಬ ಹೋದದ್ದರಿಂದ ಅಂಥ ಕಂಬ ಸಿಗುವುದೂ ಸುಲಭವಾಯಿತು.

ಕಂಬವನ್ನು ನೆಲದಲ್ಲಿ ಹೂತರೂ ದಶಕಗಟ್ಟಲೆ ಕೊಳೆಯದಂತೆ ಮಾಡಿದ ಮದ್ದು ಮಾತ್ರ ಭಾರತದ್ದು. 1933ರಲ್ಲಿ ದೆಹರಾದೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂಟಿ ಕಾಮೇಶಂ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರನ್ನೂ ಬೆರೆಸಿ ಒತ್ತಡದಲ್ಲಿ ಮರದೊಳಗೆ ಇಳಿಸುವ ವಿಧಾನ ಕಂಡುಹಿಡಿದರು. ತಾಮ್ರ ಬೂಸನ್ನು, ಆರ್ಸೆನಿಕ್ ಹುಳುವನ್ನು ತಡೆಯುತ್ತದೆ. ಕ್ರೋಮಿಯಂ ಇವೆರಡನ್ನೂ ಮರದ ನಾರಿಗೆ ಕಚ್ಚಿ ಹಿಡಿಸುತ್ತದೆ, ಮಳೆಗೆ ತೊಳೆದುಹೋಗದು. 'ಆಸ್ಕು' ಎಂಬ ಹೆಸರಿನಲ್ಲಿ ಅದು ಜಗತ್ತೆಲ್ಲ ಹಬ್ಬಿತು, ಅಮೆರಿಕದ ಹಳ್ಳಿಗಳ ಕೊಟ್ಟಿಗೆಗಳೂ ಅದರ ಮೇಲೆ ನಿಂತವು. ಆರ್ಸೆನಿಕ್ ಮಣ್ಣಿಗೆ ಸೋರುವ ಆತಂಕದಿಂದ 2003ರ ಕೊನೆಗೆ ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಇದನ್ನು ಹಾಕುವುದು ನಿಂತಿತು. ಅಂಥ ಹಸುರು ಛಾಯೆಯ ಮರದ ತುಂಡನ್ನು ಬಚ್ಚಲ ಒಲೆಗೆ ಹಾಕಬಾರದು, ಹೊಗೆ ವಿಷ.

ಕ್ಯಾರವಾನ್

ಕನ್ನಡಿಗರಿಗೆ ಕ್ಯಾರವಾನ್ ಎಂದೊಡನೆ ನೆನಪಾಗುವುದು ಚಿತ್ರೀಕರಣದ ಜಾಗದಲ್ಲಿ ನಟನಟಿಯರಿಗೆ ನಿಲ್ಲಿಸುವ ಗಾಡಿ. ಪ್ರವಾಸದ ವಾಹನವಾಗಿ ಅದು ಸರಕಾರಿ ಕಾಗದಕ್ಕೆ ಬಂದದ್ದು ಈಚೆಗೆ. ಕರ್ನಾಟಕದ 2020–26ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನ್ ಪ್ರವಾಸದ ಪ್ರಸ್ತಾಪವಿತ್ತು; ಕೇರಳ 2021ರಲ್ಲಿ 'ಕ್ಯಾರವಾನ್ ಕೇರಳ' ಯೋಜನೆ ಆರಂಭಿಸಿತು. ವಾಹನದ ರಚನೆಗೆ ಎಐಎಸ್-124 ಎಂಬ ರಾಷ್ಟ್ರೀಯ ಮಾನಕ ಇದೆ. ಟೆಂಪೋ ಟ್ರಾವೆಲರ್ ಅಡಿಗಟ್ಟಿನ ಮೇಲೆ ಕಟ್ಟಿದವು ನಮ್ಮಲ್ಲಿ ಹೆಚ್ಚು. ಮೇಲೆ ಎ.ಸಿ. ಪೆಟ್ಟಿಗೆ, ಸೋಲಾರ್ ಫಲಕ ಸೇರಿದರೆ ಎತ್ತರ ಮೂರು ಮೀಟರ್ ಮುಟ್ಟುತ್ತದೆ. ಬಸ್ಸಿನ ಅಡಿಗಟ್ಟಿನವು ಇನ್ನೂ ದೊಡ್ಡವು. ಮೋಟಾರು ವಾಹನ ನಿಯಮದ ಮಿತಿ ಅಗಲಕ್ಕೆ 2.6 ಮೀಟರ್, ಬಸ್ಸಿನ ಎತ್ತರಕ್ಕೆ 3.8 ಮೀಟರ್.

ಟ್ರಾವೆಲರ್ ಅಳತೆಯ ಗಾಡಿಗೆ ಹತ್ತು ಮೀಟರ್ ಉದ್ದ, ಕಂಬದಿಂದ ಕಂಬಕ್ಕೆ ನಾಲ್ಕೂಕಾಲು ಮೀಟರ್ ಅಗಲ, ಅಡ್ಡ ತೊಲೆಯ ಕೆಳಗೆ ಮೂರೂವರೆ ಮೀಟರ್ ಎತ್ತರ ಸಾಕು. ಅಗಲ ಜಾಸ್ತಿ ಅನಿಸಬಹುದು. ಆದರೆ ಬಾಗಿಲು ತೆರೆಯಬೇಕು, ಪಕ್ಕದ ಚಾವಣಿಬಟ್ಟೆ ಬಿಚ್ಚಿ ಒಣಗಿಸಬೇಕು, ಏಣಿ ಇಡಬೇಕು. ಮನೆಯವರು ಅಳತೆ ತೆಗೆಯುವಾಗ ವಾಹನವನ್ನು ಮಾತ್ರ ಅಳೆಯುತ್ತಾರೆ, ಅದು ಒಳಬರುವ ದಾರಿಯನ್ನು ಅಳೆಯುವುದಿಲ್ಲ. ಕೊಕ್ಕರ್ಣೆ ಕಡೆಯ ಮನೆಗಳು ತೋಟದ ನಡುವೆ, ಗದ್ದೆಯ ಅಂಚಿಗೆ. ರಸ್ತೆಯಿಂದ ಅಂಗಳಕ್ಕೆ ಬರುವಲ್ಲಿ ತಿರುವು, ಇಳಿಜಾರು, ಅಡ್ಡಕ್ಕೆ ಬಾಗಿದ ತೆಂಗು, ತಗ್ಗಾಗಿ ಹಾದ ವಿದ್ಯುತ್ ತಂತಿ.

ಕಟ್ಟುವ ಬಗೆ

ಜಾಗ ಗೊತ್ತುಮಾಡುವಾಗ ಮೊದಲು ತಲೆಯೆತ್ತಿ ನೋಡಬೇಕು. ತೆಂಗಿನ ಮರದಡಿ ಶೀಟಿನ ಶೆಡ್ಡು ಹಾಕಿದರೆ ವರ್ಷದೊಳಗೆ ಕಾಯಿ ಬಿದ್ದು ತಗ್ಗು ಬೀಳುತ್ತದೆ, ಹಂಚಾದರೆ ಒಡೆಯುತ್ತದೆ. ಶೆಡ್ಡಿನ ಉದ್ದ ಪೂರ್ವ–ಪಶ್ಚಿಮವಾಗಿದ್ದು ಬಾಯಿ ಪೂರ್ವಕ್ಕಿದ್ದರೆ ನೈಋತ್ಯದ ಗಾಳಿಮಳೆ ಬೆನ್ನಿಗೆ ಹೊಡೆಯುತ್ತದೆ. ಪಡುದಿಕ್ಕಿಗೆ ಬಾಯಿ ಬಿಟ್ಟ ಶೆಡ್ಡು ಕೊಡೆಯನ್ನು ಗಾಳಿಗೆ ಎದುರಾಗಿ ಬಿಚ್ಚಿದ ಹಾಗೆ. ಮನೆಗೆ ನೋಡುವಂತೆ ಶೆಡ್ಡಿಗೂ ಕೋಲು ಹಿಡಿದು ಆಯ ನೋಡಿಸುವವರಿದ್ದಾರೆ. ಆಯದಿಂದ ಬಂದ ಅಳತೆಗೂ ಗಾಡಿಯ ಅಳತೆಗೂ ಅರ್ಧ ಅಡಿ ವ್ಯತ್ಯಾಸ ಬಂದರೆ ದೊಡ್ಡದನ್ನು ಹಿಡಿಯುವುದು ಕ್ಷೇಮ.

ಹೊಂಡ ತೋಡುವ ಕೆಲಸ ಏಪ್ರಿಲ್ ಒಳಗೆ ಮುಗಿಯಬೇಕು. ಮುರಕಲ್ಲಿನ ನೆಲದಲ್ಲಿ ಹಾರೆಯಿಂದ ಕುಟ್ಟಿ ಪುಡಿಮಾಡಿ, ಒಂದು ಮೊಳ ಆಳವಾದ ಮೇಲೆ ಪಿಕಾಸಿ ಆಡಿಸಲು ಜಾಗವಿಲ್ಲದೆ, ಮೊಣಕಾಲೂರಿ ತೆಂಗಿನ ಚಿಪ್ಪಿನಲ್ಲಿ ಪುಡಿಯನ್ನು ತೋಡಿ ತೆಗೆಯುತ್ತಾರೆ. ಈ ಕೆಲಸಕ್ಕೆ ಯಂತ್ರ ಬಂದಿದೆಯಾದರೂ ಮುರಕಲ್ಲಿನ ನಡುವೆ ಶಿಲೆಕಲ್ಲಿನ ಗುಂಡು ಸಿಕ್ಕಿದರೆ ಅದರ ಹಲ್ಲು ಮುರಿಯುತ್ತದೆ, ಮತ್ತೆ ಹಾರೆಯೇ ಗತಿ. ತಳದಲ್ಲಿ ಚಪ್ಪಟೆ ಕಲ್ಲೊಂದನ್ನು ಕೂಡಿಸಿ ಅದರ ಮೇಲೆ ಕಂಬ ನಿಲ್ಲಿಸಿದರೆ ಭಾರ ಹರಡಿಕೊಳ್ಳುತ್ತದೆ.

ಕಂಬ ಯಾವುದು ಎಂಬ ಪ್ರಶ್ನೆಗೆ ಇವತ್ತು ಹೆಚ್ಚಿನವರ ಉತ್ತರ ಕಬ್ಬಿಣದ ಪೈಪು. ವೆಲ್ಡಿಂಗ್ ಅಂಗಡಿಯವರು ಬಂದು ಮೂರ್ನಾಲ್ಕು ದಿನದಲ್ಲಿ ಎಬ್ಬಿಸಿ ಹೋಗುತ್ತಾರೆ. ಕಡಲ ಉಪ್ಪುಗಾಳಿ ಒಳನಾಡಿಗೆ ಬಂದಂತೆ ಕಡಿಮೆಯಾಗುವುದರಿಂದ ಕೊಕ್ಕರ್ಣೆಯಲ್ಲಿ ಪೈಪು ಗಂಗೊಳ್ಳಿಗಿಂತ ಹೆಚ್ಚು ಬಾಳುತ್ತದೆ. ಆದರೆ ಅದು ಕೊಳೆಯುವುದೂ ಮರ ಕೊಳೆಯುವ ಜಾಗದಲ್ಲೇ, ಕಾಂಕ್ರೀಟಿನಿಂದ ಹೊರಬರುವ ಗೆರೆಯಲ್ಲಿ. ಕಾಂಕ್ರೀಟಿನ ತಲೆಯನ್ನು ನೆಲಕ್ಕಿಂತ ಅರ್ಧ ಅಡಿ ಎತ್ತರಿಸಿ, ನೀರು ನಿಲ್ಲದಂತೆ ಇಳಿಜಾರು ಕೊಟ್ಟರೆ ಆಯಸ್ಸು ಹೆಚ್ಚುತ್ತದೆ. ಪೈಪಿನ ಮೇಲ್ತುದಿಯನ್ನು ಮುಚ್ಚದೆ ಬಿಟ್ಟರೆ ಮಳೆನೀರು ಒಳಗಿಳಿದು ನಿಂತು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ. ಅಡಿಕೆ ತೋಟದವರು ಬೇಲಿಗೆ ಹೂಳುವ ಶಿಲೆಕಲ್ಲಿನ ಕಂಬ ಕೊಟ್ಟಿಗೆಗೂ ಒಳ್ಳೆಯದು. ಒರಲೆ ಇಲ್ಲ, ತುಕ್ಕಿಲ್ಲ. ತೊಲೆಯನ್ನು ಅದಕ್ಕೆ ಕಟ್ಟಲು ತೂತು ಕೊರೆಯಬೇಕಾದ್ದು ಮಾತ್ರ ತಾಪತ್ರಯ. ಗಾಡಿ ಹಿಂದೆ ಬರುವಾಗ ತಾಗಿದರೆ ಪೈಪು ಬಾಗುತ್ತದೆ, ಕಲ್ಲು ತುಂಡಾಗುತ್ತದೆ ಎಂಬುದನ್ನೂ ಲೆಕ್ಕಕ್ಕಿಡಬೇಕು.

ಹೊದಿಕೆಗೆ ಹಂಚು ಬಿಟ್ಟು ಶೀಟಿಗೆ ಜನ ತಿರುಗಲು ಮಂಗಗಳೂ ಕಾರಣ. ಒಂದು ಹಿಂಡು ಹಾದುಹೋದರೆ ನಾಲ್ಕಾರು ಹಂಚು ಜರುಗಿರುತ್ತವೆ. ಹತ್ತಿ ಸರಿಮಾಡುವ ಆಳು ಸಿಗುವುದಿಲ್ಲ. ಶೀಟಿನ ಶೆಡ್ಡಿಗೆ ಇಳಿಜಾರು ಹಂಚಿನಷ್ಟು ಕಡಿದಾಗಿ ಬೇಡವಾದರೂ ತೀರ ಚಪ್ಪಟೆ ಮಾಡಿದರೆ ಅಡಿಕೆ ಸೋಗೆ, ತರಗೆಲೆ ಕೂತು ನೀರು ತಡೆಯುತ್ತದೆ.

ಗಾಳಿ ಕೆಳಗಿನಿಂದ ಬರುತ್ತದೆ

ಈ ವಿಷಯದಲ್ಲಿ ಅತಿ ಹೆಚ್ಚು ಅಲಕ್ಷ್ಯವಾಗುವುದು ಗಾಳಿ. ಮಾಡು ಕುಸಿದು ಬೀಳುತ್ತದೆ ಎಂದು ಹೆದರಿ ಕಂಬ ದಪ್ಪ ಮಾಡುತ್ತಾರೆ, ಅದು ಹಾರಿಹೋಗುತ್ತದೆ ಎಂದು ಯಾರೂ ಯೋಚಿಸುವುದಿಲ್ಲ. ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗ ಮಂಗಳೂರಿಗೆ ಕೊಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿಲೋಮೀಟರ್. ಆ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ 90 ಕಿಲೋ ತೂಕದಷ್ಟು. ಬದಿ ತೆರೆದ ಶೆಡ್ಡಿನಲ್ಲಿ ಗಾಳಿ ಕೆಳಗಿನಿಂದ ನುಗ್ಗಿ ಮಾಡನ್ನು ಎತ್ತುತ್ತದೆ, ಮೇಲಿನಿಂದ ಹಾದ ಗಾಳಿ ಸೆಳೆಯುತ್ತದೆ. ಅದರ ಅರ್ಧದಷ್ಟೇ ಮೇಲೆತ್ತಿತು ಎಂದುಕೊಂಡರೂ ಚದರ ಮೀಟರಿಗೆ 45 ಕಿಲೋ. 50 ಚದರ ಮೀಟರಿನ ಮಾಡಿಗೆ 2,250 ಕಿಲೋ. ಶೀಟು, ಅದರ ಕೆಳಗಿನ ಪೈಪು ಎಲ್ಲ ಸೇರಿ 500 ಕಿಲೋ ತೂಗಿದರೆ ಹೆಚ್ಚು. ಉಳಿದ 1,750 ಕಿಲೋವನ್ನು ಎಂಟು ಕಂಬಗಳು ಕೆಳಗೆ ಹಿಡಿದಿಡಬೇಕು, ಕಂಬಕ್ಕೆ ಸುಮಾರು 220 ಕಿಲೋ. ಒಂದೂವರೆ ಅಡಿ ಉದ್ದಗಲ, ಎರಡಡಿ ಆಳದ ಕಾಂಕ್ರೀಟು ಗಡ್ಡೆಯ ತೂಕ 290 ಕಿಲೋ ಹತ್ತಿರ, ಆದ್ದರಿಂದ ಅದಕ್ಕಿಂತ ಸಣ್ಣ ಹೊಂಡ ಬೇಡ. ಇದು ಕೈಲೆಕ್ಕ, ಬಯಲಿನ ನಡುವೆ, ಗುಡ್ಡದ ನೆತ್ತಿಯಲ್ಲಿ ಕಟ್ಟುವವರು ಇಂಜಿನಿಯರನ್ನು ಕೇಳಲೇಬೇಕು. ಹಂಚಿನ ಮಾಡಿನಲ್ಲಿ ಹಂಚೇ 2,000 ಕಿಲೋ ಇರುತ್ತಿದ್ದುದರಿಂದ ಅಜ್ಜಂದಿರಿಗೆ ಈ ಲೆಕ್ಕದ ಅಗತ್ಯ ಬಿದ್ದಿರಲಿಲ್ಲ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಈ ಕರಾವಳಿಯ ಹತ್ತಿರ ಹಾದು ಹೋದಾಗ ಮರವಂತೆ, ಬೈಂದೂರು ಕಡೆ ಕಡಲು ದಂಡೆಯನ್ನು ತಿಂದಿತು. ಒಳನಾಡಿನಲ್ಲಿ ಅಷ್ಟು ದೊಡ್ಡ ಬಿರುಗಾಳಿ ಬೇಕಿಲ್ಲ. ಮಳೆಗಾಲಕ್ಕೆ ಮುಂಚಿನ ಸಂಜೆಯ ಗುಡುಗುಮಳೆಯ ಗಾಳಿ ಒಂದು ಹೊಡೆತಕ್ಕೆ ಸಾಕು. ಶೀಟು ಕಿತ್ತು ಬರುವುದು ಮೊದಲು ಅಂಚಿನಲ್ಲಿ, ಮೂಲೆಯಲ್ಲಿ. ಅಲ್ಲಿ ತಿರುಪಿನ ಮೊಳೆಗಳನ್ನು ಒತ್ತೊತ್ತಾಗಿ ಹೊಡೆಸಬೇಕು, ಅದರಡಿಯ ರಬ್ಬರು ಬಿಲ್ಲೆ ಬಿಸಿಲಿಗೆ ಒಣಗಿ ಒಡೆಯುವುದರಿಂದ ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸಬೇಕು. ಕಂಬದಿಂದ ತೊಲೆಗೆ ಓರೆಯಾಗಿ ಕೊಡುವ ಒತ್ತುಗಂಬವನ್ನು 'ಗಾಡಿಗೆ ಅಡ್ಡ' ಎಂದು ತೆಗೆಸುವವರಿದ್ದಾರೆ. ಅದು ಇಲ್ಲದ ಶೆಡ್ಡು ಮೇಲಿಂದ ಕೆಳಕ್ಕಲ್ಲ, ಪಕ್ಕಕ್ಕೆ ಬೀಳುತ್ತದೆ.

ಎರಚಲಿಗೆ ಮದ್ದು ತಟ್ಟಿಯೇ. ಮೇ ಕೊನೆಗೆ ಪಡು ಮತ್ತು ತೆಂಕು ಬದಿಗೆ ಮಡಲಿನ ತಟ್ಟಿ, ಇಲ್ಲವೇ ಹಸುರು ನೆರಳುಬಲೆ ಕಟ್ಟಿ ಅಕ್ಟೋಬರಿಗೆ ಬಿಚ್ಚಿದರೆ ಗಾಳಿ ಸೋಸಿ ಬರುತ್ತದೆ, ನೀರು ನಿಲ್ಲುತ್ತದೆ. ಪೂರ್ತಿ ತಗಡಿನಿಂದ ಮುಚ್ಚಿದರೆ ಎರಚಲೇನೋ ತಪ್ಪುತ್ತದೆ, ಗಾಳಿಯ ಭಾರವೆಲ್ಲ ಕಂಬದ ಮೇಲೆ ಬೀಳುತ್ತದೆ. ಇನ್ನೊಂದು ದಾರಿ, ಮುಖ್ಯ ಮಾಡಿನ ಕೆಳಗೆ ಪಡುಬದಿಗೆ ಮತ್ತೊಂದು ತಗ್ಗಿನ ಮಾಡು ಚಾಚಿ, ಅದರಡಿ ಸೌದೆಯನ್ನೋ ಬೈಕನ್ನೋ ಇಡುವುದು. ಎತ್ತರದ ಗಾಡಿಗೆ ಎತ್ತರ ಸಿಕ್ಕಿತು, ಸೂರಿನ ಅಂಚು ಮತ್ತೆ ಆರಡಿಗೆ ಇಳಿಯಿತು.

ಒಳಗೆ ನಿಂತ ಗಾಡಿ

ಸೂರು ಸರಿಯಾದರೆ ಸಾಲದು. ಬಾಗಿಲು ಹಾಕಿ ನಿಲ್ಲಿಸಿದ ಗಾಡಿಯೊಳಗೆ ಜುಲೈ ಹೊತ್ತಿಗೆ ಹಾಸಿಗೆ, ಪರದೆ, ಪ್ಲೈವುಡ್ಡಿನ ಕಪಾಟು ಎಲ್ಲದರ ಮೇಲೆ ಬೂಸು ಹತ್ತುತ್ತದೆ. ಹಾಸಿಗೆಯನ್ನು ಮನೆಯೊಳಗೆ ತಂದಿಟ್ಟು, ಬಿಸಿಲು ಬಿದ್ದ ದಿನ ಕಿಟಕಿ ತೆರೆಯುವುದೇ ಇದಕ್ಕಿರುವ ಉಪಾಯ. ನೆಲ ಮಣ್ಣಿನದಾದರೆ ಅಡಿಯಿಂದ ತೇವ ಏರಿ ಅಡಿಗಟ್ಟು ತುಕ್ಕು ಹಿಡಿಯುತ್ತದೆ. ಜಲ್ಲಿ ಹರಡಿ ಮುರಕಲ್ಲು ಹಾಸಿದರೆ ಒಣಗಿರುತ್ತದೆ. ಇಲಿ, ಹೆಗ್ಗಣಕ್ಕೆ ತಂತಿಯ ರುಚಿ ಗೊತ್ತು. ಮಾಡಿನ ನೆರಳಲ್ಲಿ ಸೋಲಾರ್ ಫಲಕ ಕೆಲಸ ಮಾಡದೆ ಬ್ಯಾಟರಿ ಬತ್ತುವುದರಿಂದ ಮನೆಯಿಂದ ಒಂದು ವಿದ್ಯುತ್ ಎಳೆ ಬೇಕು, ಅದಕ್ಕೆ ಸರಿಯಾದ ಅರ್ಥಿಂಗೂ ಬೇಕು. ಗುಡುಗು ಮಿಂಚಿನ ಊರಿನಲ್ಲಿ ತಗಡಿನ ಮಾಡು, ಕಬ್ಬಿಣದ ಕಂಬ ಇರುವ ಕಟ್ಟಡಕ್ಕೆ ಇದು ಐಚ್ಛಿಕವಲ್ಲ.

ಪರವಾನಗಿಯ ವಿಷಯ ಚಿಕ್ಕದು. ಪಂಚಾಯತಿಗೆ ಹೇಳದೆ ಕಟ್ಟಬಾರದು, ರಸ್ತೆಯ ಅಂಚಿನಿಂದ ಬಿಡಬೇಕಾದ ದೂರ ಕೇಳಿ ತಿಳಿಯಬೇಕು. ಭರತ ಇಳಿತ ಮುಟ್ಟುವ ಹೊಳೆಬದಿಗೆ ಕರಾವಳಿ ನಿಯಂತ್ರಣ ವಲಯದ ನಿಯಮವೂ ಬರುತ್ತದೆ. ಕಂಬಕ್ಕಾಗಿ ಮರ ಕಡಿಯುವವರಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಅನ್ವಯಿಸುತ್ತದೆ. ಸ್ವಂತ ಜಾಗದ ತೆಂಗು, ಗಾಳಿ, ರಬ್ಬರಿನಂಥವಕ್ಕೆ ವಿನಾಯಿತಿ ಇದೆ, ಹಲಸು ಮತ್ತಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಗಾಡಿ ಊರು ಸುತ್ತಲು ಹೋದ ತಿಂಗಳುಗಳಲ್ಲಿ ಈ ಮಾಡು ಖಾಲಿ ಇರುವುದಿಲ್ಲ. ಅಡಿಕೆ ಸುಲಿಯುವವರು ಕೂರುತ್ತಾರೆ, ಮದುವೆಗೆ ಊಟದ ಸಾಲು ಬೀಳುತ್ತದೆ, ಕೊಯ್ಲಾದ ಮೇಲೆ ಬೈಹುಲ್ಲು ಬಂದು ಸೇರುತ್ತದೆ. ಹುಲ್ಲು ತೆಗೆಯುವ ಮೊದಲೇ ಗಾಡಿ ಹಿಂತಿರುಗಿದರೆ ಎರಡನ್ನೂ ಒಂದೇ ಸೂರಿನಡಿ ಇಡುವ ಆಸೆಯಾಗುತ್ತದೆ. ಕ್ಯಾರವಾನಿನೊಳಗೆ ಅಡುಗೆ ಅನಿಲದ ಸಿಲಿಂಡರ್ ಇರುತ್ತದೆ, ಹೊಗೆಕೊಳವೆ ಓಡಿ ಬಂದ ಬಿಸಿಯಲ್ಲಿರುತ್ತದೆ. ಸಿಲಿಂಡರನ್ನು ಇಳಿಸಿ ಹೊರಗಿಡಬೇಕು. ಹುಲ್ಲಿಗೆ ಬೇರೆ ಜಾಗ ನೋಡಬೇಕು.